49ನೇ ಅಕ್ಷಾಂಶದ ಗಡಿ: ಎಳೆದ ಗೆರೆ ಕೂಡುತ್ತಿಲ್ಲ, ತಪ್ಪು ಎಲ್ಲಿ?

ಪ್ರಶ್ನೆ

ಅಮೆರಿಕ–ಕೆನಡಾ ಗಡಿಯ ಪಶ್ಚಿಮ ಭಾಗವನ್ನು ಕ್ಯೂಜಿಐಎಸ್‌ನಲ್ಲಿ (ನಕ್ಷೆ ಮಾಡುವ ತಂತ್ರಾಂಶ) ಹಾಕ್ತಿದ್ದೇನೆ. ಲೇಕ್ ಆಫ್ ದ ವುಡ್ಸ್ ಕಡೆಯ ತುದಿ 95.15 ಪಶ್ಚಿಮ, ಜಾರ್ಜಿಯಾ ಜಲಸಂಧಿಯ ತುದಿ 123.32 ಪಶ್ಚಿಮ. ಎರಡಕ್ಕೂ ಅಕ್ಷಾಂಶ 49 ಕೊಟ್ಟು ಒಂದೇ ಗೆರೆ ಎಳೆದೆ. ಇಪಿಎಸ್‌ಜಿ 4326ರಲ್ಲಿ, ಅಂದರೆ ಬರೀ ಅಕ್ಷಾಂಶ-ರೇಖಾಂಶದ ಡಿಗ್ರಿ ಲೆಕ್ಕದಲ್ಲಿ, ಸರಿಯಾಗಿದೆ. ಪ್ರಾಜೆಕ್ಟನ್ನು ಲ್ಯಾಂಬರ್ಟ್‌ಗೆ (3347; ಗೋಳವನ್ನು ಚಪ್ಪಟೆ ನಕ್ಷೆಗೆ ಇಳಿಸುವ ಒಂದು ಪ್ರೊಜೆಕ್ಷನ್) ಬದಲಿಸಿದ ಕೂಡಲೇ ನಡುಭಾಗ ನೂರು ಕಿ.ಮೀ.ಗೂ ಹೆಚ್ಚು ಕೆನಡಾದೊಳಗೆ ನುಗ್ಗುತ್ತದೆ. ಅಲ್ಲದೆ ಅಧಿಕೃತ ಗಡಿಯ ಲೇಯರ್ ಹಾಕಿ ನೋಡಿದರೆ ಅದು 49.0000ರ ಮೇಲೆ ಕೂರುವುದೇ ಇಲ್ಲ. ಪಶ್ಚಿಮ ತುದಿಯ ಬ್ಲೇನ್ ಊರಿನ ಹತ್ತಿರ 49.002 ತೋರಿಸ್ತದೆ. ಡೇಟಮ್ (ಅಕ್ಷಾಂಶ-ರೇಖಾಂಶ ಅಳೆಯಲು ಆಧಾರವಾಗಿಟ್ಟ ಭೂಮಿಯ ಮಾದರಿ) ತಪ್ಪಿದೆಯೇ?

ಉತ್ತರ 1

ಇವು ಬೇರೆ ಬೇರೆ ಎರಡು ಸಮಸ್ಯೆ, ಮೊದಲನೆಯದು ಸುಲಭದ್ದು. ಅಕ್ಷಾಂಶ ವೃತ್ತ ನೆಟ್ಟಗಿನ ಗೆರೆಯಲ್ಲ. ನಿಮ್ಮ ಗೆರೆಗೆ ಇರುವುದು ಎರಡೇ ಬಿಂದು. ಪ್ರೊಜೆಕ್ಷನ್ ಬದಲಾದಾಗ ತಂತ್ರಾಂಶ ಆ ಎರಡನ್ನು ಮಾತ್ರ ಸರಿಸಿ ನಡುವೆ ನೇರ ಎಳೆಯುತ್ತದೆ. ಗೋಳದ ಮೇಲೇ ಆ ಎರಡು ತುದಿಗಳ ನಡುವಿನ ಅತಿ ಹತ್ತಿರದ ದಾರಿ 49ನೇ ವೃತ್ತಕ್ಕಿಂತ ಸುಮಾರು 95 ಕಿ.ಮೀ. ಉತ್ತರಕ್ಕೆ ಬಾಗಿ ಹೋಗುತ್ತದೆ. ಲ್ಯಾಂಬರ್ಟ್‌ನಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಲೇಯರ್ 4326ರಲ್ಲಿ ಇರುವಾಗಲೇ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ‘ಡೆನ್ಸಿಫೈ ಬೈ ಇಂಟರ್ವಲ್’ನಲ್ಲಿ (ಗೆರೆಯ ಮೇಲೆ ನಡುನಡುವೆ ಬಿಂದು ಸೇರಿಸುವ ಸಾಧನ) 0.01 ಕೊಡಿ. ಇಲ್ಲಿ ಅಳತೆ ಡಿಗ್ರಿಯಲ್ಲಿರುತ್ತದೆ. ನೆಲದ ಮೇಲೆ ಅದು ಸುಮಾರು 730 ಮೀಟರ್. ಇಷ್ಟು ಅಂತರಕ್ಕೆ ಬಾಗು ಬರೀ ಒಂದು ಸೆಂ.ಮೀ. ಚಿಲ್ಲರೆ. ಆಮೇಲೆ 3347ಕ್ಕೆ ರೀಪ್ರಾಜೆಕ್ಟ್ ಮಾಡಿ. ಮೊದಲು ರೀಪ್ರಾಜೆಕ್ಟ್ ಮಾಡಿ ಆಮೇಲೆ ಬಿಂದು ಸೇರಿಸಿದರೆ ತಪ್ಪು ಗೆರೆಯ ಮೇಲೇ ಬಿಂದುಗಳು ಬೀಳುತ್ತವೆ. ಬಹಳ ಜನ ಎಡವುವುದು ಇಲ್ಲೇ.

ಉತ್ತರ 2

ಎರಡನೆಯದಕ್ಕೆ ಡೇಟಮನ್ನು ದೂರಬೇಡಿ. ಆ ಪ್ರದೇಶದಲ್ಲಿ ನ್ಯಾಡ್83, ಡಬ್ಲ್ಯೂಜಿಎಸ್84 ಎಂಬ ಎರಡು ಡೇಟಮ್‌ಗಳ ನಡುವೆ ಇರುವ ವ್ಯತ್ಯಾಸ ಒಂದೆರಡು ಮೀಟರ್. ಬ್ಲೇನ್‌ನಲ್ಲಿ ನಿಮಗೆ ಕಾಣುತ್ತಿರುವುದು ಇನ್ನೂರಕ್ಕೂ ಹೆಚ್ಚು ಮೀಟರ್.

ಗಡಿಯನ್ನು ನೆಲದ ಮೇಲೆ ಗುರುತಿಸಿದ್ದು 1857–61ರಲ್ಲಿ ರಾಕಿ ಪರ್ವತಗಳ ಪಶ್ಚಿಮಕ್ಕೆ, 1872–76ರಲ್ಲಿ ಪೂರ್ವಕ್ಕೆ. ಆಗ ಅಕ್ಷಾಂಶ ಸಿಗುತ್ತಿದ್ದದ್ದು ನಕ್ಷತ್ರಗಳಿಂದ. ಝೆನಿತ್ ಟೆಲಿಸ್ಕೋಪನ್ನು ನೆತ್ತಿಯ ಕಡೆ ತಿರುಗಿಸಿ ನೋಡಬೇಕು; ನೆತ್ತಿ ಎಲ್ಲಿ ಅಂತ ಹೇಳುವುದು ರಸಮಟ್ಟ. ರಸಮಟ್ಟವೂ ತೂಗುಗುಂಡಿನ ಹಾಗೆ ಗುರುತ್ವಕ್ಕೆ ಬದ್ಧ. ಉತ್ತರಕ್ಕೆ ಭಾರೀ ಬೆಟ್ಟವಿದ್ದರೆ ಗುಂಡು ಕೂದಲೆಳೆಯಷ್ಟು ಅತ್ತ ಎಳೆಯಲ್ಪಡುತ್ತದೆ, ನೆತ್ತಿ ದಕ್ಷಿಣಕ್ಕೆ ವಾಲುತ್ತದೆ, ಅಕ್ಷಾಂಶ ಕಡಿಮೆ ಬರುತ್ತದೆ. ಹಾಗಾಗಿ ‘49’ ಸಿಗಬೇಕಾದರೆ ಇನ್ನೂ ಉತ್ತರಕ್ಕೆ ನಡೆದು ಕಲ್ಲು ನೆಡಬೇಕಾಗುತ್ತದೆ. ಒಂದು ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಭಾಗ) ವಾಲಿದರೆ ನೆಲದ ಮೇಲೆ 31 ಮೀಟರ್. ನಮ್ಮ ದೇಶದ ಮಹಾ ತ್ರಿಕೋನಮಿತಿ ಸರ್ವೆಯಲ್ಲೂ ಕಲಿಯಾನ, ಕಲಿಯಾನ್‌ಪುರಗಳ ನಡುವಿನ ಅಕ್ಷಾಂಶದ ಅಂತರ ನಕ್ಷತ್ರದಿಂದ ಅಳೆದದ್ದಕ್ಕೂ ನೆಲದ ಮೇಲೆ ಅಳೆದದ್ದಕ್ಕೂ 5.236 ಸೆಕೆಂಡ್ ಕೂಡದೆ ಹೋಗಿ, ಹಿಮಾಲಯದ ಸೆಳೆತದ ಚರ್ಚೆ ಶುರುವಾದದ್ದು ಇದರಿಂದಲೇ.

ಪೂರ್ವ ಭಾಗದಲ್ಲಿ ಸುಮಾರು 20 ಮೈಲಿಗೊಂದು ವೀಕ್ಷಣಾ ಠಾಣೆ. ಪ್ರತಿ ಠಾಣೆಯ ವಾಲು ಬೇರೆ. ಅವನ್ನು ಜೋಡಿಸುತ್ತ ಹೋದದ್ದರಿಂದ ಗಡಿ ಸೊಟ್ಟಸೊಟ್ಟಾಗಿದೆ.

ಪ್ರಶ್ನೆ ಕೇಳಿದವರು

ಹಾಗಾದರೆ ಕಾನೂನು ಪ್ರಕಾರ ಗಡಿ ಯಾವುದು, 49ನೇ ಅಕ್ಷಾಂಶವೋ ಕಲ್ಲುಗಳೋ? ಅಧಿಕೃತ ಲೇಯರನ್ನೂ ಡೆನ್ಸಿಫೈ ಮಾಡಬೇಕೇ?

ಉತ್ತರ 3

ಕಲ್ಲುಗಳೇ. ನಮ್ಮಲ್ಲಿ ಬಾಂದುಕಲ್ಲು ನೋಡಿ ಹೊಲದ ಹದ್ದು ಹೇಳುವ ಹಾಗೆ. 1908ರ ಒಪ್ಪಂದದಲ್ಲಿ ಕಲ್ಲಿಂದ ಕಲ್ಲಿಗೆ ಅಕ್ಷಾಂಶದ ಬಾಗನ್ನೇ ಅನುಸರಿಸಬೇಕೆಂದಿತ್ತು. 1925ರಲ್ಲಿ ಅದನ್ನು ಬಿಟ್ಟು ನೇರ ಗೆರೆ ಅಂತ ಮಾಡಿದರು. 49ನೇ ಅಕ್ಷಾಂಶದ ಗಡಿಯಲ್ಲಿ 900ಕ್ಕೂ ಹೆಚ್ಚು ಗುರುತುಗಳಿವೆ, ಸರಾಸರಿ ಅಂತರ 2.2 ಕಿ.ಮೀ. ಬಾಗು = ಅಂತರದ ವರ್ಗ × ಟ್ಯಾನ್ 49 ÷ (8 × ಭೂತ್ರಿಜ್ಯ). ಬರುವುದು 11 ಸೆಂ.ಮೀ. ನೇರ ಗೆರೆ ಬಾಗಿನ ಉತ್ತರಕ್ಕೆ ಬೀಳುವುದರಿಂದ ಆ ಎಳೆಯಷ್ಟು ನೆಲ ಅಮೆರಿಕಕ್ಕೆ. ಎಲ್ಲ ಕೂಡಿಸಿದರೆ ಸುಮಾರು 35 ಎಕರೆ. ಹನ್ನೊಂದು ಸೆಂ.ಮೀ.ಯನ್ನೂ ಒಪ್ಪಂದ ಬರೆದು ತೀರ್ಮಾನಿಸಿದ್ದಾರೆ. ಗಡಿಯ ಕೆಲಸ ಹೀಗೇ ಆಗಬೇಕು.

ಆದ್ದರಿಂದ ಅಧಿಕೃತ ಲೇಯರಿಗೆ ಬಿಂದು ಸೇರಿಸಬೇಡಿ, ‘ಸಿಂಪ್ಲಿಫೈ’ಯನ್ನಂತೂ ಮುಟ್ಟಲೇಬೇಡಿ, ಅದು ಕಲ್ಲುಗಳನ್ನೇ ಕಿತ್ತು ಹಾಕುತ್ತದೆ. ಎರಡೂ ದೇಶಗಳ ಜಂಟಿ ಗಡಿ ಆಯೋಗ ಕೊಟ್ಟ ಬಿಂದುಗಳನ್ನು ಹಾಗೆಯೇ ಇಟ್ಟುಕೊಳ್ಳಿ. ನೀವು ಎಳೆದ 49ರ ಗೆರೆಯನ್ನು ಪಕ್ಕದಲ್ಲಿ ಬೇರೆ ಬಣ್ಣದಲ್ಲಿ, ಹೋಲಿಕೆಗಷ್ಟೇ ಇಡಿ. ಉಪಗ್ರಹ ಚಿತ್ರ ಹಾಕಿದರೆ ಕಾಡಿನ ನಡುವೆ ಮರ ಕಡಿದು ಬಿಟ್ಟ 6 ಮೀಟರ್ ಅಗಲದ ಪಟ್ಟಿ ಕಾಣುತ್ತದೆ, ಆಚೆಗೆ 3 ಮೀಟರ್, ಈಚೆಗೆ 3 ಮೀಟರ್. ನಿಮ್ಮ ಲೇಯರ್ ಅದರ ನಟ್ಟನಡುವೆ ಓಡಬೇಕು. ಒಂದೆರಡು ಮೀಟರ್ ಒಂದೇ ಕಡೆಗೆ ಸರಿದಿದ್ದರೆ ಚಿತ್ರವೇ ಅಷ್ಟು ಸರಿದಿರಬಹುದು. ಅದಲ್ಲವಾದರೆ ಆಗ ಡೇಟಮ್ ನೋಡಿ.