ಔಡಿ – ಪೋರ್ಷೆ ದಾಖಲೆ: ಲೆ ಮಾನ್ ಗೆಲುವುಗಳನ್ನು ಯಾರ ಖಾತೆಗೆ ಬರೆಯೋದು?

ಗೇರ್‌ಗುಂಡ:
ಔಡಿ ಮತ್ತು ಪೋರ್ಷೆಯ ರೇಸಿಂಗ್ ದಾಖಲೆ ಅಕ್ಕಪಕ್ಕ ಇಟ್ಟು ಒಂದು ಪಟ್ಟಿ ಮಾಡುತ್ತಿದ್ದೇನೆ. ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸಿನ ಒಟ್ಟಾರೆ ಗೆಲುವು (ಎಲ್ಲ ದರ್ಜೆಯ ಕಾರುಗಳನ್ನೂ ಹಿಂದಿಕ್ಕಿ ಮೊದಲು ಬಂದದ್ದು) ಪೋರ್ಷೆಗೆ 19, ಔಡಿಗೆ 13. ಇದರಲ್ಲಿ ತಕರಾರಿಲ್ಲ. ಆದರೆ ವರ್ಷವಾರು ಬರೆಯುತ್ತಾ ಹೋದರೆ ಮೂರು ಕಡೆ ಪೆನ್ನು ನಿಲ್ಲುತ್ತೆ. 1996 ಮತ್ತು 97ರಲ್ಲಿ ಗೆದ್ದ ಡಬ್ಲ್ಯೂಎಸ್‌ಸಿ-95 ಕಾರು ಓಡಿಸಿದ್ದು ಪೋರ್ಷೆ ಕಾರ್ಖಾನೆಯಲ್ಲ, ಯೋಸ್ಟ್ ಎಂಬವರ ಖಾಸಗಿ ತಂಡ. 2003ರಲ್ಲಿ ಗೆದ್ದ ಬೆಂಟ್ಲಿಯ ಎಂಜಿನ್ ಔಡಿಯದು. ಇನ್ನು 1930ರ ದಶಕದ ಆಟೊ ಯೂನಿಯನ್ (ಔಡಿಯೂ ಸೇರಿದ್ದ ನಾಲ್ಕು ಕಂಪನಿಗಳ ಕೂಟ): ಲಾಂಛನದ ನಾಲ್ಕು ಉಂಗುರ ಔಡಿಯದು, ಕಾರಿನ ವಿನ್ಯಾಸ ಫರ್ಡಿನಂಡ್ ಪೋರ್ಷೆಯದು. ಇವೆಲ್ಲ ಯಾರ ಖಾತೆಗೆ? ಇಬ್ಬರೂ ಎದುರುಬದುರಾದ ವರ್ಷಗಳನ್ನಷ್ಟೇ ತೆಗೆದುಕೊಂಡರೆ ಯಾರು ಮುಂದೆ?

ಪಿಟ್‌ಗೋಡೆ:
ಮೊದಲು ಲೆಕ್ಕದ ನಿಯಮ ಒಂದು ಹಾಕಿಕೊಳ್ಳಿ, ಆಮೇಲೆ ಅದನ್ನು ಇಬ್ಬರಿಗೂ ಹಚ್ಚಿ. ಜಗಳ ಆಗೋದೇ ಪೋರ್ಷೆಗೆ ಒಂದು ತಕ್ಕಡಿ, ಔಡಿಗೆ ಇನ್ನೊಂದು ಹಿಡಿಯೋದರಿಂದ.

19–13 ಅನ್ನೋದು ಕಾರಿನ ಹೆಸರು ನೋಡಿ ಮಾಡಿದ ಲೆಕ್ಕ. ಓಡಿಸಿದ್ದು ಯಾರೇ ಆಗಿರಲಿ. ಖಾಸಗಿ ತಂಡದ ಗೆಲುವು ಬೇಡ ಅಂತ 1996, 97 ತೆಗೆದರೆ 1979ರ ಕ್ರೆಮರ್ ತಂಡದ 935, 1984–85ರ ಯೋಸ್ಟ್ ತಂಡದ 956 ಕೂಡ ಹೋಗಬೇಕು. ಪೋರ್ಷೆ 14ಕ್ಕೆ ಇಳಿಯುತ್ತೆ. ಅದೇ ಕತ್ತರಿ ಔಡಿಗೂ ಹಾಕಿ: 2004ರಲ್ಲಿ ಗೆದ್ದದ್ದು ಜಪಾನಿನ ಗೋ ತಂಡ, 2005ರಲ್ಲಿ ಅಮೆರಿಕದ ಚಾಂಪಿಯನ್ ರೇಸಿಂಗ್. ಔಡಿಗೆ ಉಳಿಯೋದು 11. ಯೋಸ್ಟ್ ಹೆಸರು ನೋಡಿದ ತಕ್ಷಣ ಗೆರೆ ಎಳೆಯಬೇಡಿ, ಆತ ಎರಡೂ ಮನೆಯ ಉಪ್ಪು ತಿಂದವನು. 2000, 01, 02ರ ಔಡಿ ಕಾರುಗಳನ್ನು ಓಡಿಸಿದ್ದೂ ಯೋಸ್ಟ್ ತಂಡವೇ, ಆದರೆ ಅದು ಕಾರ್ಖಾನೆಯ ಪರವಾಗಿ.

ಡಬ್ಲ್ಯೂಎಸ್‌ಸಿ-95 ಅಂತೂ ಇನ್ನೂ ಕಲಬೆರಕೆ. ಷಾಸಿ (ಕಾರಿನ ಮೂಲ ಚೌಕಟ್ಟು) ಜಾಗ್ವಾರ್ ಎಕ್ಸ್‌ಜೆಆರ್-14ರದ್ದು, ಅದಕ್ಕೆ ಟಿಡಬ್ಲ್ಯೂಆರ್ ಅನ್ನೋ ರೇಸಿಂಗ್ ತಂಡ ಪೋರ್ಷೆಯ ಟರ್ಬೊ ಫ್ಲಾಟ್-ಸಿಕ್ಸ್ (ಅಡ್ಡ ಮಲಗಿದ ಆರು ಸಿಲಿಂಡರಿನ) ಎಂಜಿನ್ ಕೂರಿಸಿತ್ತು. ಅಮೆರಿಕದ 1995ರ ಡೇಟೋನಾ ರೇಸಿಗೆ ಅಂತ ಮಾಡಿದ್ದು. ಅಲ್ಲಿ ನಿಯಮ ಬದಲಾಯಿತು, ಪೋರ್ಷೆ ಕೈಬಿಟ್ಟಿತು, ಯೋಸ್ಟ್ ಎತ್ತಿಕೊಂಡ. ಒಂದೇ ಷಾಸಿ ಎರಡು ವರ್ಷ ಗೆದ್ದಿತು.

ಬೆಂಟ್ಲಿ: ಎಂಜಿನ್ ನೋಡಿ ಔಡಿಗೆ 14 ಅಂತ ಬರೆದರೆ ಫಾರ್ಮುಲಾ ಒನ್‌ನಲ್ಲಿ ಮೆಕ್‌ಲಾರೆನ್ ಜೊತೆ ಟ್ಯಾಗ್-ಪೋರ್ಷೆ ವಿ6 ಎಂಜಿನ್ ಗೆದ್ದ 25 ರೇಸು ಮತ್ತು 1984ರಿಂದ 86ರ ಮೂರು ಚಾಲಕ ಪಟ್ಟಗಳನ್ನೂ (ಲೌಡಾ ಒಂದು, ಪ್ರೋಸ್ಟ್ ಎರಡು) ಪೋರ್ಷೆಗೆ ಬರೆಯಬೇಕಾಗುತ್ತೆ. ಇಲ್ಲದಿದ್ದರೆ ಎಫ್1ನಲ್ಲಿ ಪೋರ್ಷೆಗೆ ಇರೋದು 1962ರ ಫ್ರೆಂಚ್ ಗ್ರ್ಯಾನ್ ಪ್ರಿ ಒಂದೇ.

ಆಟೊ ಯೂನಿಯನ್: ವಿ16 ಎಂಜಿನ್ ಚಾಲಕನ ಬೆನ್ನಹಿಂದೆ ಕೂರಿಸಿದ್ದು ಪೋರ್ಷೆಯ ವಿನ್ಯಾಸ ಕಚೇರಿ, ನಿಜ. ಆದರೆ ಆಗ ಆ ಕಚೇರಿ ಕೂಲಿಗೆ ವಿನ್ಯಾಸ ಮಾಡಿಕೊಡುತ್ತಿತ್ತು. ಪೋರ್ಷೆ ಹೆಸರಿನ ಕಾರು 356 ಬಂದದ್ದು 1948ರಲ್ಲಿ. ರೇಸ್ ಕಾರುಗಳು ತಯಾರಾದದ್ದು ಸ್ವಿಕಾವ್‌ನ ಹಾರ್ಚ್ ಕಾರ್ಖಾನೆಯಲ್ಲಿ. ಔಡಿ ಕಡೆ ‘ಪೂರ್ವಜರು’ ಅಂತ ಬೇರೆ ಅಂಕಣ ಮಾಡಿ ಹಾಕಿ, ಒಟ್ಟಿಗೆ ಕೂಡಿಸಬೇಡಿ.

ಫ್ಲಾಟ್‌ಸಿಕ್ಸ್:
ಎದುರುಬದುರು ಅಂದರೆ ಲೆ ಮಾನ್‌ನಲ್ಲಿ ಮೂರೇ ವರ್ಷ: 2014, 15, 16. 1998ರಲ್ಲಿ 911 ಜಿಟಿ1 ಗೆಲ್ಲಿಸಿ ಪೋರ್ಷೆ ಮೇಲಿನ ದರ್ಜೆ ಬಿಟ್ಟಿತು, ಮರುವರ್ಷ ಔಡಿ ಬಂತು. ಇವರು ಎದ್ದ ಕುರ್ಚಿಯಲ್ಲಿ ಅವರು ಕೂತ ಹಾಗೆ. ಔಡಿಯ 13ರಲ್ಲಿ 12 ಗೆಲುವು ಪೋರ್ಷೆ ಆ ದರ್ಜೆಯಲ್ಲಿ ಇಲ್ಲದಾಗ ಬಂದವು. ಅದು ಔಡಿಯ ತಪ್ಪಲ್ಲ, ಆದರೆ ಹೋಲಿಸುವಾಗ ಅಡಿಟಿಪ್ಪಣಿ ಬೇಕು. ಹಾಗೆ ನೋಡಿದರೆ 1981–87ರಲ್ಲಿ ಪೋರ್ಷೆ ಸತತ ಏಳು ಗೆದ್ದಾಗ ಔಡಿಯೂ ಅಲ್ಲಿರಲಿಲ್ಲ.

ಮೂರು ವರ್ಷದ ಲೆಕ್ಕ: ಪೋರ್ಷೆ 2, ಔಡಿ 1. 2014ರಲ್ಲಿ ಓಟದಲ್ಲಿ ಉಳಿದಿದ್ದ ಔಡಿಯ ಎರಡೂ ಕಾರಿನ ಟರ್ಬೊ ಕೈಕೊಟ್ಟಿತು. ಒಂದೊಂದಕ್ಕೂ ಇಪ್ಪತ್ತು ನಿಮಿಷದ ಆಸುಪಾಸು ಹಿಡಿದು ಬದಲಿಸಿ ಮತ್ತೆ ಓಡಿಸಿದರು. ಮುಂದಿದ್ದ ಪೋರ್ಷೆ 919 ಕೊನೆಯ ಗಂಟೆಗಳಲ್ಲಿ ಕೆಟ್ಟು ನಿಂತಿತು. ಔಡಿಗೆ ಮೊದಲ ಎರಡೂ ಸ್ಥಾನ. ಬಿಚ್ಚಿ ಕಟ್ಟೋದು ಸುಲಭ ಇರುವಂತೆ ಕಾರು ಮಾಡುವುದು ಔಡಿಯ ಹಳೇ ವಿದ್ಯೆ. 2000ದ ಆರ್8ರಲ್ಲಿ ಗೇರ್‌ಬಾಕ್ಸ್, ಹಿಂದಿನ ಸಸ್ಪೆನ್ಷನ್ ಎಲ್ಲ ಸೇರಿ ಒಂದೇ ತುಂಡಾಗಿ ಕಳಚಿ ಬರುತ್ತಿತ್ತು. ಗೇರ್ ಕೆಟ್ಟರೆ ರಿಪೇರಿಯ ಮಾತೇ ಇಲ್ಲ, ಇಡೀ ಹಿಂಭಾಗವನ್ನೇ ಐದು ನಿಮಿಷದ ಆಚೀಚೆ ಬದಲಿಸುತ್ತಿದ್ದರು.

2015ರಿಂದ ಪೋರ್ಷೆ ಮೇಲಾಗಲು ಕಾರಣ ಹೈಬ್ರಿಡ್. ಒಂದು ಸುತ್ತಿಗೆ ಎಷ್ಟು ಮೆಗಾಜೂಲ್ ವಿದ್ಯುತ್ ಬಳಸುತ್ತೀರಿ ಅಂತ ತಂಡವೇ ಆರಿಸಬೇಕಿತ್ತು. ಪೋರ್ಷೆ 8, ಔಡಿ 4. ಔಡಿ ಮುಂದಿನ ಆಕ್ಸಲ್‌ನಿಂದ ಬ್ರೇಕ್ ಹಿಡಿದಾಗ ಮಾತ್ರ ಶಕ್ತಿ ಕೂಡಿಡುತ್ತಿತ್ತು. 919ರಲ್ಲಿ ಅದರ ಜೊತೆಗೆ ಎಕ್ಸಾಸ್ಟ್ ದಾರಿಯಲ್ಲಿ ಇನ್ನೊಂದು ಟರ್ಬೈನ್, ಅದಕ್ಕೊಂದು ಜನರೇಟರ್. ಆಕ್ಸಿಲರೇಟರ್ ಒತ್ತಿದಾಗಲೂ ಬ್ಯಾಟರಿ ತುಂಬುತ್ತಿತ್ತು. ಎಂಜಿನ್ ಬರೀ 2 ಲೀಟರ್ ವಿ4, ಹಗುರ. ಔಡಿಯ ಡೀಸೆಲ್ ವಿ6 ತೂಕದ್ದು. ಒಟ್ಟು ತೂಕ ಹಿಡಿತದಲ್ಲಿರಬೇಕಾದರೆ ದೊಡ್ಡ ಹೈಬ್ರಿಡ್‌ಗೆ ಜಾಗವೇ ಉಳಿಯುವುದಿಲ್ಲ. 2016ರಲ್ಲಿ ಔಡಿ 6ಕ್ಕೆ ಏರಿತು, ಅಷ್ಟರಲ್ಲಿ ತಡವಾಗಿತ್ತು. ಆ ವರ್ಷ ಕೊನೇ ನಿಮಿಷಗಳಲ್ಲಿ ಟೊಯೋಟಾ ನಿಂತುಹೋಗಿದ್ದರಿಂದ ಪೋರ್ಷೆ ಗೆದ್ದಿತು ಅನ್ನೋದು ಬೇರೆ ಮಾತು.

ಸೀಬ್ರಿಂಗ್‌ಸೀನ:
ಮೂರೇ ವರ್ಷ ಅನ್ನೋದು ಲೆ ಮಾನ್‌ಗೆ ಸರಿ ಮಾರಾಯ್ರೆ, ಆದರೆ ಅಮೆರಿಕ ಬಿಟ್ಟುಬಿಟ್ಟಿರಿ. ಈ ದಾಯಾದಿ ಜಗಳ ಶುರುವಾದದ್ದೇ 2006–08ರ ಅಮೆರಿಕನ್ ಲೆ ಮಾನ್ ಸರಣಿಯಲ್ಲಿ. ಔಡಿಯ ಡೀಸೆಲ್ ಆರ್10 ಮೇಲಿನ ದರ್ಜೆಯ ಕಾರು, ಪೆನ್ಸ್‌ಕಿ ತಂಡದ ಪೋರ್ಷೆ ಆರ್‌ಎಸ್ ಸ್ಪೈಡರ್ ಕೆಳಗಿನ ದರ್ಜೆಯದು. ಆದರೂ 2007ರಲ್ಲಿ 12 ರೇಸಿನಲ್ಲಿ 8 ಒಟ್ಟಾರೆ ಗೆಲುವು ಪೋರ್ಷೆಗೆ, ಮರುವರ್ಷ ಸೀಬ್ರಿಂಗ್ 12 ಗಂಟೆ ರೇಸೂ ಅವರಿಗೇ. ಆರ್10 ತೂಕ 925 ಕಿಲೋ, ಚಾಲಕನ ಬೆನ್ನಹಿಂದೆ 5.5 ಲೀಟರ್ ವಿ12 ಎಂಜಿನ್. ಸ್ಪೈಡರ್ ಅದಕ್ಕಿಂತ ನೂರು ಕಿಲೋಗೂ ಹೆಚ್ಚು ಹಗುರ. ಲೆ ಮಾನ್‌ನ ಉದ್ದ ನೇರದಾರಿಯಲ್ಲಿ ಡೀಸೆಲ್ ಬಲ ಕೆಲಸ ಮಾಡುತ್ತೆ. ನಗರದ ಬೀದಿಯ ಇಕ್ಕಟ್ಟಾದ ತಿರುವುಗಳಲ್ಲಿ ತೂಕ ಕಡಿಮೆ ಇದ್ದವನದೇ ರಾಜ್ಯ. ಒಟ್ಟಾರೆ ಗೆಲುವು, ದರ್ಜೆ ಗೆಲುವು ಎರಡಕ್ಕೂ ಬೇರೆ ಅಂಕಣ ಇಡಿ, ಇಲ್ಲದಿದ್ದರೆ ಈ ವಿಷಯ ಪಟ್ಟಿಯಲ್ಲಿ ಕಾಣೋದೇ ಇಲ್ಲ.

ಗೇರ್‌ಗುಂಡ:
ಎಲ್ಲರಿಗೂ ಥ್ಯಾಂಕ್ಸ್. ಎರಡು ಸಾಲು ಹಾಕುತ್ತೇನೆ, 19–13 ಮತ್ತು 14–11. ರ‍್ಯಾಲಿಯಲ್ಲಿ ಔಡಿ ಮುಂದೆ ಅಂತ ಕಣ್ಣುಮುಚ್ಚಿ ಬರೆಯಬಹುದಾ?

ಪಿಟ್‌ಗೋಡೆ:
ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಅಂದರೆ ಬರೆಯಿರಿ. ಔಡಿಯ ಕ್ವಾಟ್ರೊ ಕಾರಿಗೆ 23 ಗೆಲುವು, 1982 ಮತ್ತು 84ರ ತಯಾರಕರ ಪಟ್ಟ, ಚಾಲಕರಲ್ಲಿ 83ಕ್ಕೆ ಮಿಕ್ಕೊಲಾ, 84ಕ್ಕೆ ಬ್ಲೋಮ್‌ಕ್ವಿಸ್ಟ್. ಆದರೆ ಪೋರ್ಷೆಯ 1968, 69, 70ರ ಮಾಂಟೆ ಕಾರ್ಲೊ ರ‍್ಯಾಲಿ ಗೆಲುವುಗಳು ಆ ಚಾಂಪಿಯನ್‌ಶಿಪ್ ಹುಟ್ಟುವ ಮೊದಲಿನವು (ಅದು ಶುರುವಾದದ್ದು 1973), ಹಾಗಾಗಿ ಎಣಿಕೆಯಿಂದ ಜಾರಿಬಿಡುತ್ತವೆ. ಮರುಭೂಮಿಯ ಡಾಕಾರ್ ರ‍್ಯಾಲಿಯಲ್ಲಿ ಪೋರ್ಷೆಗೆ ಎರಡು, 1984 ಮತ್ತು 86. ಔಡಿಗೆ ಒಂದು, 2024, ಚಾಲಕ ಸೈಂಝ್.

24 ಗಂಟೆಯಲ್ಲಿ ಓಡಿದ ದೂರದ ದಾಖಲೆಗೂ ಒಂದು ಸಾಲು ಇರಲಿ. 1971ರಲ್ಲಿ ಪೋರ್ಷೆ 917 ಲೆ ಮಾನ್‌ನಲ್ಲಿ 5,335 ಕಿ.ಮೀ. ಓಡಿತ್ತು. 39 ವರ್ಷ ಯಾರೂ ಮುಟ್ಟಲಿಲ್ಲ. 2010ರಲ್ಲಿ ಮುರಿದದ್ದು ಔಡಿ ಆರ್15, 5,410 ಕಿ.ಮೀ. ನಡುವೆ 1990ರಲ್ಲಿ ಅಲ್ಲಿನ ಮುಲ್ಸಾನ್ ನೇರದಾರಿಗೆ ಎರಡು ಶಿಕೇನ್ (ವೇಗ ತಗ್ಗಿಸುವ ಅಂಕುಡೊಂಕು ತಿರುವು) ಬಂದಿದ್ದವು ಅನ್ನೋದನ್ನೂ ಪಕ್ಕದಲ್ಲಿ ಬರೆಯಿರಿ.

ಫ್ಲಾಟ್‌ಸಿಕ್ಸ್:
ಚಾಲಕರ ಅಂಕಣ ಮಾಡಿದರೆ ಟಾಮ್ ಕ್ರಿಸ್ಟೆನ್ಸನ್‌ನ ಒಂಬತ್ತು ಲೆ ಮಾನ್ ಗೆಲುವನ್ನೂ ಔಡಿಗೆ ಸುರಿಯಬೇಡಿ. ಏಳು ಔಡಿ, ಒಂದು ಬೆಂಟ್ಲಿ. ಮೊದಲನೆಯದು 1997ರಲ್ಲಿ, ನಿಮ್ಮ ಪೆನ್ನು ನಿಂತ ಅದೇ ಡಬ್ಲ್ಯೂಎಸ್‌ಸಿ-95ರಲ್ಲಿ.