‘ಔಷಧ ಆಡಳಿತ’ಕ್ಕೆ ಬದಲಿ ಪದ ಬೇಕಾಗಿದೆ

ಹಾಸನದಿಂದ:

ಮಾನ್ಯರೇ, ಇಲ್ಲಿನ ವೃದ್ಧಾಶ್ರಮವೊಂದರ ಆರೈಕೆ ಸಹಾಯಕಿಯರಿಗಾಗಿ ಗೋಡೆಗೆ ಹಾಕುವ ಸೂಚನಾಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಮುದ್ರಣಕ್ಕೆ ಹೋಗಬೇಕು. ನನ್ನ ಕೈಗೆ ಬಂದ ಕರಡಿನಲ್ಲಿ ‘ಮೆಡಿಕೇಶನ್ ಅಡ್ಮಿನಿಸ್ಟ್ರೇಷನ್’ ಎಂಬುದು ‘ಔಷಧ ಆಡಳಿತ’ವಾಗಿದೆ, ‘ಫೈವ್ ರೈಟ್ಸ್’, ಅಂದರೆ ಔಷಧ ಕೊಡುವಾಗ ಸರಿಯಾಗಿರಬೇಕಾದ ಐದು ಸಂಗತಿಗಳು, ‘ಐದು ಹಕ್ಕುಗಳು’ ಆಗಿದೆ. ಎರಡನೆಯದನ್ನು ‘ಐದು ಸರಿಗಳು’ ಎಂದು ತಿದ್ದಿದ್ದೇನೆ, ಆದರೆ ಸಮಾಧಾನವಿಲ್ಲ. ಮೊದಲನೆಯದಕ್ಕೆ ‘ಔಷಧಿ ನೀಡಿಕೆ’ ಎನ್ನಬಹುದೇ? ಓದುವವರಲ್ಲಿ ಹೆಚ್ಚಿನವರು ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಟ್ಟವರು ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಚಿಕ್ಕಮಗಳೂರಿನಿಂದ:

‘ಔಷಧಿ’ ಎಂಬ ರೂಪವೇ ಅಶುದ್ಧ. ‘ಓಷಧಿ’ ಎಂದರೆ ಫಲ ಮಾಗಿದೊಡನೆ ಒಣಗುವ ಗಿಡ. ಅದರಿಂದ ಆದದ್ದು ‘ಔಷಧ’. ಗೋಡೆಯ ಮೇಲೆ ಬರೆಸುವವರು ಇಷ್ಟನ್ನಾದರೂ ತಿಳಿದಿರಬೇಕು. ‘ಔಷಧೋಪಚಾರ’ ಎಂಬ ಸಿದ್ಧಪದ ಇರುವಾಗ ಚರ್ಚೆಯೇ ಅನಗತ್ಯ.

ಸಕಲೇಶಪುರದಿಂದ:

ಇಂಗ್ಲಿಷಿನಿಂದ ಬಿಡಿಸಿ ಸಂಸ್ಕೃತಕ್ಕೆ ಕಟ್ಟಿಹಾಕುವುದು ಯಾವ ಸೀಮೆಯ ಬಿಡುಗಡೆ ಸ್ವಾಮಿ? ‘ಮದ್ದು’ ನಮ್ಮದು, ತಮಿಳಿನ ‘ಮರುಂದು’ ಅದರ ಒಡಹುಟ್ಟು. ‘ಊಡು’ ಎಂಬ ಧಾತುವೂ ನಮ್ಮದೇ. ‘ಮದ್ದೂಡಿಕೆ’ ಎಂದು ಬರೆಯಿರಿ, ಎರಡು ದಿನದಲ್ಲಿ ರೂಢಿಯಾಗುತ್ತದೆ.

ಮೂಡಿಗೆರೆಯಿಂದ:

ರೂಢಿಯಾಗುವ ಮೊದಲು ಗಲಾಟೆಯಾಗುತ್ತದೆ. ನಮ್ಮ ಮಲೆನಾಡಿನಲ್ಲಿ ‘ಮದ್ದು ಹಾಕಿದರು’ ಎಂದರೆ ಗೊತ್ತಾಗದಂತೆ ಅನ್ನದಲ್ಲಿ ಏನನ್ನೋ ಬೆರೆಸಿ ತಿನ್ನಿಸಿದರು ಎಂದೇ ಅರ್ಥ. ಅದನ್ನು ‘ತೆಗೆಸಲು’ ಈಗಲೂ ಜನ ಊರೂರು ಅಲೆಯುತ್ತಾರೆ. ವೃದ್ಧಾಶ್ರಮದ ಗೋಡೆಯ ಮೇಲೆ ‘ಮದ್ದೂಡಿಕೆ’ ಎಂದು ಕಂಡರೆ ಮಗ ತಾಯಿಯನ್ನು ಅಂದೇ ಮನೆಗೆ ಕರೆದೊಯ್ದಾನು. ‘ಔಷಧ’ವೋ ‘ಔಷಧಿ’ಯೋ ಎಂಬ ಜಗಳವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ: ಕಾಫಿ ತೋಟದಲ್ಲಿಯೂ ಆಲೂಗಡ್ಡೆಯ ಹೊಲದಲ್ಲಿಯೂ ಹೊಡೆಯುವುದು ‘ಔಷಧಿ’ಯೇ, ‘ಅವನು ಔಷಧಿ ಕುಡಿದ’ ಎಂದರೆ ಆಸ್ಪತ್ರೆಗೆ ಓಡಬೇಕಾದ ಮಾತು. ‘ಮಾತ್ರೆ’ ಎನ್ನಿ. ಮೂಲದಲ್ಲಿ ಅದರ ಅರ್ಥ ಅಳತೆ ಎಂದೇ. ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುವುದೂ ಅದನ್ನೇ.

ಇನ್ನು ಆ ನಾಮಪದ. ಇಂಗ್ಲಿಷಿಗೆ ಒಂದು ನಾಮಪದ ಬೇಕಾಯಿತು ಎಂದು ನಾವೂ ಒಂದನ್ನು ಹೊಸೆಯಬೇಕಾಗಿಲ್ಲ, ಏಕೆಂದರೆ ಕನ್ನಡದ ಕ್ರಿಯಾಪದಗಳು ಔಷಧ ಯಾವ ದಾರಿಯಿಂದ ಒಳಹೋಗಬೇಕು ಎಂಬುದನ್ನೂ ತಾವೇ ಹೇಳಿಬಿಡುತ್ತವೆ: ಮಾತ್ರೆ ನುಂಗಿಸು, ಸಿರಪ್ಪು ಕುಡಿಸು, ಕಣ್ಣಿಗೆ ಹನಿ ಬಿಡು, ಮುಲಾಮು ಹಚ್ಚು. ‘ಕೊಡು’ ಎಂಬುದು ಇಲ್ಲಿ ಸಾಲದು, ಅಪಾಯಕಾರಿಯೂ ಹೌದು. ದಾಖಲೆ ಪುಸ್ತಕದಲ್ಲಿ ‘8 ಗಂಟೆ, ಕೊಟ್ಟೆ’ ಎಂದು ಬರೆದ ಮಾತ್ರೆ ಮಧ್ಯಾಹ್ನ ಅಜ್ಜಿಯ ದಿಂಬಿನ ಕೆಳಗೆ ಸಿಕ್ಕರೆ ಬರೆದದ್ದು ಸುಳ್ಳೆನ್ನಲಾಗದು. ಕೊಟ್ಟದ್ದು ನಿಜವೇ, ನುಂಗಿಸಿದ್ದಲ್ಲ. ಅಂಕಣದ ತಲೆಗೆ ‘ನುಂಗಿಸಿದೆ’ ಎಂದೇ ಹಾಕಿ, ಮತ್ತು ನುಂಗಿದ್ದನ್ನು ನೋಡಿದ ಮೇಲೆಯೇ ಗುರುತು ಹಾಕಬೇಕೆಂದು ತಿಳಿಸಿ.

‘ಐದು ಸರಿಗಳು’ ಕನ್ನಡವೇ ಅಲ್ಲ. ಯಾರಿಗೆ, ಯಾವುದು, ಎಷ್ಟು, ಹೇಗೆ, ಯಾವಾಗ ಎಂಬ ಐದು ಪ್ರಶ್ನೆಗಳನ್ನೇ ಬರೆದರೆ ಸಾಕು. ‘ಯಾವಾಗ’ ಎಂಬಲ್ಲಿ ಜಾಗ ಹೆಚ್ಚು ಬಿಡಿ: ವೈದ್ಯರು ಬರೆಯುವ 1-0-1 ಎಂಬುದನ್ನು ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಬಿಡಿಸಿ ಬರೆಯಬೇಕು, ಕೀಲುವಾತಕ್ಕೆ ಬರೆದುಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆಯಾದ್ದರಿಂದ, ದಿನವೂ ನುಂಗಿಸಿದರೆ ಪ್ರಾಣಕ್ಕೇ ಸಂಚಕಾರವಾದ್ದರಿಂದ, ಅಲ್ಲಿ ವಾರದ ಹೆಸರನ್ನೇ ಹಾಕಬೇಕು. ‘ಎಷ್ಟು’ ಎಂಬಲ್ಲಿ ‘ಒಂದು ಚಮಚ’ ಬೇಡ, 5 ಎಂ.ಎಲ್. ಎನ್ನಿ; ಅಡುಗೆಮನೆಯ ಚಮಚಗಳೆಲ್ಲ ಒಂದೇ ಅಳತೆಯವಲ್ಲ.

ಚಿಕ್ಕಮಗಳೂರಿನಿಂದ:

‘ಮಾತ್ರೆ’ ಸಂಸ್ಕೃತವೆಂದು ತಾವೇ ಒಪ್ಪಿದಂತಾಯಿತು. ಉಳಿದದ್ದು ವ್ಯಾಕರಣವಲ್ಲ, ವೈದ್ಯಕೀಯ.

ಹಾಸನದಿಂದ:

ಎಲ್ಲರಿಗೂ ವಂದನೆಗಳು. ‘ಮಾತ್ರೆ ನುಂಗಿಸುವಾಗ’ ಎಂದು ಶೀರ್ಷಿಕೆ ಕೊಟ್ಟಿದ್ದೇನೆ. ಇನ್ನೊಂದು ಉಳಿದಿದೆ: ಹಿರಿಯರು ಬಾಯಿ ತೆರೆಯದಿದ್ದರೆ ಬರೆಯುವುದಕ್ಕೆ ‘ನಿರಾಕರಣೆ’ ಎಂಬ ಅಂಕಣವಿದೆ. ಅದು ಭಾರವೆನಿಸುತ್ತದೆ.

ಮೂಡಿಗೆರೆಯಿಂದ:

‘ಬೇಡವೆಂದರು’ ಎಂದು ಹಾಕಿ, ಪಕ್ಕದಲ್ಲಿ ಹೊತ್ತು ಬರೆದು ನರ್ಸಿಗೆ ತಿಳಿಸಬೇಕೆಂದು ಸೇರಿಸಿ. ಪುಡಿಮಾಡಿ ಮುದ್ದೆಯೊಳಗೆ ಅಡಗಿಸಿ ತಿನ್ನಿಸಕೂಡದೆಂದು ದಪ್ಪಕ್ಷರದಲ್ಲಿಯೇ ಇರಲಿ. ಮಾತ್ರೆಯ ಪೊಟ್ಟಣದ ಮೇಲೆ ಎಸ್.ಆರ್. (ಸಸ್ಟೈನ್ಡ್ ರಿಲೀಸ್) ಎಂದಿದ್ದರೆ ಅದು ನಿಧಾನವಾಗಿ ಕರಗುವಂತೆ ಮಾಡಿದ್ದು, ಪುಡಿಯಾದರೆ ಇಡೀ ಪ್ರಮಾಣ ಒಮ್ಮೆಗೇ ಮೈಗೆ ಸೇರುತ್ತದೆ. ಅಲ್ಲದೆ, ಹೇಳದೆ ಬೆರೆಸುವುದಕ್ಕೆ ನಮ್ಮ ಕಡೆ ಏನೆನ್ನುತ್ತಾರೆಂದು ಮೇಲೆಯೇ ಬರೆದಿದ್ದೇನೆ.