‘ಒಸ್ತ್ರೋವ್’ ನೋಡಿದವರು ಹೇಳಿ, ಆ 34 ವರ್ಷ ದಂಡ ಆಯ್ತಾ?

ಮಡಿಕೇರಿ_ಮಳೆ: ಕತೆ ಬಿಟ್ಟುಕೊಡ್ತಿದ್ದೇನೆ, ನೋಡದವರು ಮುಂದೆ ಓದಬೇಡಿ. ನಿನ್ನೆ ಮಳೆಗೆ ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪ್‌ನಲ್ಲಿ ಉಳಿದ ಚಾರ್ಜ್‌ನಲ್ಲೇ ಈ ರಷ್ಯನ್ ಸಿನಿಮಾ ನೋಡಿದೆ. 2006ರದ್ದು, ಪಾವೆಲ್ ಲುಂಗಿನ್ ನಿರ್ದೇಶನ. 1942ರಲ್ಲಿ ಜರ್ಮನರ ಕೈಗೆ ಸಿಕ್ಕ ಅನಾತೋಲಿ ತನ್ನ ಜೀವ ಉಳಿಸಿಕೊಳ್ಳಲು ಕ್ಯಾಪ್ಟನ್ ತಿಖೋನ್‌ಗೆ ಗುಂಡು ಹೊಡೀತಾನೆ. ಆಮೇಲೆ 1976ರ ತನಕ ಮಠದ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕ್ತಾ, ಅಳ್ತಾ ಬದುಕ್ತಾನೆ. ಕೊನೆಗೆ ನೋಡಿದ್ರೆ ತಿಖೋನ್ ಸತ್ತೇ ಇಲ್ಲ! ಕೈಗೆ ಗಾಯ ಅಷ್ಟೇ, ಯಾವತ್ತೋ ಕ್ಷಮಿಸಿಯೂ ಆಗಿದೆ. ಹಾಗಾದ್ರೆ ಇಷ್ಟು ವರ್ಷ ಸುಮ್ನೆ ನರಳಿದ್ದಾ?

ವಿರಾಜಪೇಟೆಯವಳು: ದಂಡ ಯಾಕೆ? ಗುರಿ ತಪ್ಪಿತು ಅಂತ ಹೊಡೆದದ್ದು ಇಲ್ಲವಾಗುತ್ತಾ? ನಾವು ಕ್ಯಾಥೊಲಿಕ್ಕರು, ಸೇಂಟ್ ಆನ್ಸ್ ಚರ್ಚಿನಲ್ಲಿ ಪಾಪನಿವೇದನೆ ಮಾಡಿ ಬೆಳೆದವರು. ಈ ಸಿನಿಮಾದಲ್ಲಿರೋ ಆರ್ಥೊಡಾಕ್ಸ್ ಪಂಗಡದ ಕ್ರೈಸ್ತರಲ್ಲಿ ಸಾಮಾನ್ಯವಾಗಿ ಐಕಾನ್ (ಯೇಸು, ಸಂತರ ಪೂಜ್ಯ ಚಿತ್ರ) ಮುಂದೆ ನಿಂತು ಹೇಳಿಕೊಳ್ತಾರೆ, ಪಾದ್ರಿ ಪಕ್ಕದಲ್ಲಿ ಸಾಕ್ಷಿಯಾಗಿ ಇರ್ತಾರೆ. ಶಿಕ್ಷೆಯ ಲೆಕ್ಕಕ್ಕಿಂತ ಮನಸ್ಸು ವಾಸಿಯಾಗೋದೇ ಅಲ್ಲಿ ಮುಖ್ಯ. ‘ಪ್ರಭು ಯೇಸುಕ್ರಿಸ್ತನೇ, ದೇವರ ಪುತ್ರನೇ, ಪಾಪಿಯಾದ ನನ್ನ ಮೇಲೆ ಕರುಣೆ ಇಡು’ ಅನ್ನೋ ಜಪ ಅವರ ಸನ್ಯಾಸಿಗಳಿಗೆ ಉಸಿರಿದ್ದ ಹಾಗೆ. ತಪ್ಪು ಸಣ್ಣದೋ ದೊಡ್ಡದೋ, ಆ ಜಪ ಮುಗಿಯೋದಿಲ್ಲ.

ಮಾಜಿ_ಹವಾಲ್ದಾರ್: ಮಗಾ, ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ಪಟ್ಟಾಳದವರಿದ್ದಾರೆ, ಯಾರನ್ನಾದರೂ ಕೇಳು. ಗುಂಡು ಹಾರಿಸಿದ್ದು ಬೇರೆ, ಅದಕ್ಕೆ ಮುಂಚೆ ಶತ್ರು ಕಾಲಿಗೆ ಬಿದ್ದು ಗೋಗರೆದದ್ದು ಬೇರೆ. ಪಕ್ಕದಲ್ಲೇ ಕ್ಯಾಪ್ಟನ್ ನೆಟ್ಟಗೆ ನಿಂತು ಸಿಗರೇಟು ಸೇದ್ತಿದ್ದ, ಇವನಿಗೆ ನಿಲ್ಲೋಕೆ ಆಗಲಿಲ್ಲ. ತಿಖೋನ್ ಬದುಕಿದ್ದಾನೆ ಅಂತ ಅವತ್ತೇ ಗೊತ್ತಾಗಿದ್ರೂ ಆ ನಾಚಿಕೆ ಹೋಗ್ತಿತ್ತಾ? ನನಗೆ ಅನುಮಾನ.

ಸೋಮವಾರಪೇಟೆ_ಕಾಫಿ: ನೀವೆಲ್ಲ ಅಳೋದನ್ನೇ ಹೇಳ್ತೀರಿ, ಆತ ಎಂಥಾ ತಲೆಹರಟೆ ಅಂತ ಯಾರೂ ಹೇಳಲ್ವಲ್ಲ! ಮಠದ ಹಿರಿಯರು ಫಿಲರೆತ್ ಪಾಪ ಇವನ ಜೊತೆ ಇರೋಕೆ ಬಂದ್ರೆ ಅವರ ಹಾಸಿಗೆ ಸಮುದ್ರಕ್ಕೆ, ಒಳ್ಳೆ ಬೂಟು ಬೆಂಕಿಗೆ. ನಮ್ಮಲ್ಲಿ ಅವಧೂತರು ಬೈದು ಕಲ್ಲು ಹೊಡೀತಿದ್ರು ಅಂತಾರಲ್ಲ, ಅದೇ ಜಾತಿ. ಅಂದಹಾಗೆ ಆ ಪಾತ್ರ ಮಾಡಿದ ಪ್ಯೋತ್ರ್ ಮಮೋನೊವ್ ಮೊದಲು ರಾಕ್ ಹಾಡುಗಾರ. ನೋಡಿದ್ರೆ ಹಾಗೆ ಅನ್ಸುತ್ತಾ?

ಮಡಿಕೇರಿ_ಮಳೆ: ಅಂಕಲ್, ನಾಚಿಕೆಯ ಮಾತು ಒಪ್ಪಿದೆ, ಆ ಮೊದಲ ಸೀನ್ ಇನ್ನೊಮ್ಮೆ ನೋಡ್ತೇನೆ. ಬೂಟು ಸುಟ್ಟಿದ್ದು ಮಾತ್ರ ಜಾಸ್ತಿ ಆಯ್ತು. ಆ ಚಳಿಯಲ್ಲಿ ಮುದುಕರು ಏನು ಹಾಕಿಕೊಳ್ಬೇಕು?